ಹೊಸ ದಾದಿ ನಿಲ್ಲುವುದೇಕೆ, ಹೋಗುವುದೇಕೆ?

ದಾದಿಯರ ವಿಷಯವಾಗಿ ಬರೆಯುವುದಕ್ಕೆ ಕಲಾ ಕಾಲೇಜಿನ ವಿದ್ಯಾರ್ಥಿಗೆ ಏನು ಅಧಿಕಾರವೆಂದು ಕೇಳುವವರು ಇರಬಹುದು. ಕೇಳಲಿ, ಉತ್ತರ ಸಿದ್ಧವಾಗಿದೆ. ಪಿ.ಯು.ಸಿ.ಯಲ್ಲಿ ನನ್ನ ಜೊತೆ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿದ ಹುಡುಗಿಯರಲ್ಲಿ ಕೆಲವರು ಈ ಕಾಲೇಜಿಗೆ ಬಂದರು, ಕೆಲವರಿಗೆ ಮದುವೆಯಾಯಿತು, ಮತ್ತೆ ಕೆಲವರು ನರ್ಸಿಂಗ್ ಶಾಲೆಯನ್ನು ಸೇರಿದರು. ಜಿ.ಎನ್.ಎಂ. ಎಂಬ ಮೂರು ವರ್ಷದ ಶಿಕ್ಷಣಕ್ಕೆ ವಿಜ್ಞಾನವನ್ನೇ ಓದಿರಬೇಕೆಂಬ ನಿರ್ಬಂಧವಿಲ್ಲ. ಇಂಗ್ಲಿಷ್ ಒಂದು ವಿಷಯವಾಗಿದ್ದು ತೇರ್ಗಡೆಯಾದ ಕಲಾ ವಿಭಾಗದವರನ್ನೂ ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮನೆಗಳಲ್ಲಿ ಒಂದು ಮಗು ಬಿ.ಎ.ಗೂ ಇನ್ನೊಂದು ನರ್ಸಿಂಗಿಗೂ ಹೋಗುವುದು ಅಪರೂಪವಲ್ಲ. ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ನಾನು ಈ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೇನೆ. ನನ್ನ ಅಕ್ಕ ದಾದಿಯಾದಳು. ಆದಳು ಎಂದೆನೇ ಹೊರತು ಉಳಿದಳು ಎನ್ನಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಹೊಸದಾಗಿ ಓದು ಮುಗಿಸಿದ ದಾದಿಯರು ಮೊದಲ ಕೆಲಸವನ್ನು ವರ್ಷ ತುಂಬುವ ಮೊದಲೇ ಬಿಟ್ಟುಹೋಗುತ್ತಾರೆ ಎಂಬ ದೂರು ಆಸ್ಪತ್ರೆ ನಡೆಸುವವರ ಬಾಯಲ್ಲಿ ಸದಾ ಇರುತ್ತದೆ. ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಮಾತುಗಳು ಬರುತ್ತವೆ: ಈಗಿನ ಹುಡುಗಿಯರಿಗೆ ತಾಳ್ಮೆಯಿಲ್ಲ, ನೂರು ರೂಪಾಯಿ ಹೆಚ್ಚು ಸಿಕ್ಕರೆ ಬೇರೆ ಕಡೆ ಓಡುತ್ತಾರೆ, ಇಲ್ಲವೇ ಮದುವೆಯಾಗಿ ಹೋಗುತ್ತಾರೆ. ಈ ಮೂರು ಮಾತಿನಲ್ಲಿಯೂ ತಪ್ಪೆಲ್ಲ ಹುಡುಗಿಯದು, ಆಸ್ಪತ್ರೆಯದು ಒಂದೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ನನ್ನ ಅಭಿಪ್ರಾಯ ಬೇರೆ. ಹೊಸ ದಾದಿ ನಿಲ್ಲುವುದೂ ಹೋಗುವುದೂ ಮೊದಲ ಆರು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಅದನ್ನು ತೀರ್ಮಾನಿಸುವುದು ಅವಳ ಗುಣವಲ್ಲ, ರಾತ್ರಿ ಪಾಳಿಯಲ್ಲಿ ಅವಳ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು. ಸಂಬಳದ ಪ್ರಶ್ನೆ ದೊಡ್ಡದೇ. ಆದರೆ ಅದು ಬರುವುದು ಎರಡನೆಯದಾಗಿ.

ನಮ್ಮದು ನೇಕಾರರ ಮನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ: ಹೊಸಬನ ಕೈಗೆ ಯಾರೂ ಮೊದಲ ದಿನವೇ ಬುಟ್ಟಾ ಸೀರೆಯನ್ನು ಕೊಡುವುದಿಲ್ಲ. ಅವನು ಮೊದಲು ಕಂಡಿಕೆ ಸುತ್ತುತ್ತಾನೆ. ಆಮೇಲೆ ಹಿರಿಯರ ಪಕ್ಕದಲ್ಲಿ ಕುಳಿತು ನೋಡುತ್ತಾನೆ. ಹರಿದ ಎಳೆಯನ್ನು ಕೂಡಿಸಲು ಕಲಿಯುತ್ತಾನೆ. ಲಾಳಿ ಕೈಗೆ ಬಂದಾಗಲೂ ಅಪ್ಪನ ಕಣ್ಣು ಅವನ ಮೇಲಿರುತ್ತದೆ, ಏಕೆಂದರೆ ಒಂದು ಹಾಸು ಕೆಟ್ಟರೆ ತಿಂಗಳ ದುಡಿಮೆ ಹೋಯಿತು. ರೇಷ್ಮೆಯ ವಿಷಯದಲ್ಲಿ ಇಷ್ಟು ಎಚ್ಚರಿಕೆ ವಹಿಸುವ ನಾವು, ಮನುಷ್ಯರ ಜೀವದ ವಿಷಯದಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಕೆಲಸಕ್ಕೆ ಬಂದ ಮೂರನೆಯ ರಾತ್ರಿಯೇ ಒಂದು ವಾರ್ಡಿಗೆ ಒಡತಿಯನ್ನಾಗಿ ಮಾಡಿ ನಿಲ್ಲಿಸುತ್ತೇವೆ.

ಇದು ಅಲಂಕಾರದ ಮಾತಲ್ಲ, ನಡೆದದ್ದು. ಅಕ್ಕ ಓದು ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯನ್ನು ಸೇರಿದಳು. ಅದರ ಹೆಸರು ಇಲ್ಲಿ ಬೇಡ. ಸೇರಿದ ದಿನವೇ ಮೂಲ ಅಂಕಪಟ್ಟಿಗಳನ್ನು ಆಫೀಸಿನಲ್ಲಿ ಇಟ್ಟುಕೊಂಡರು. ಎರಡು ದಿನ ಆ ಮಹಡಿ ಈ ಮಹಡಿ ತೋರಿಸಿದರು. ಮೂರನೆಯ ದಿನ ರಾತ್ರಿ ಪಾಳಿ. ಇಪ್ಪತ್ತೆಂಟು ರೋಗಿಗಳು, ಅವಳು, ಅವಳಿಗಿಂತ ಎರಡು ವಾರ ಮೊದಲು ಸೇರಿದ ಇನ್ನೊಬ್ಬ ಹುಡುಗಿ, ಒಬ್ಬ ಆಯಾ. ಅನುಭವವುಳ್ಳ ದಾದಿ ಇದ್ದದ್ದು ಬೇರೆ ಮಹಡಿಯಲ್ಲಿ. ಶಾಲೆಯಲ್ಲಿ ಅವಳು ಕಲಿತದ್ದು ಒಬ್ಬ ರೋಗಿಯ ಹಾಸಿಗೆಯ ಬಳಿ ನಿಂತು ಕ್ರಮವಾಗಿ ಮಾಡುವ ಶುಶ್ರೂಷೆಯನ್ನು. ಇಲ್ಲಿ ಬೇಕಾದದ್ದು ಒಂದೇ ಹೊತ್ತಿಗೆ ನಾಲ್ವರು ಕರೆದಾಗ ಯಾರ ಬಳಿಗೆ ಮೊದಲು ಓಡಬೇಕೆಂಬ ವಿವೇಕ. ಅದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಕಲಿಸಬಲ್ಲವರು ಪಕ್ಕದಲ್ಲಿ ನಿಂತ ಹಿರಿಯರು ಮಾತ್ರ.

ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ಒಬ್ಬ ಮುದುಕರಿಗೆ ಉಸಿರಾಟ ಕಷ್ಟವಾಯಿತು. ಅಕ್ಕ ವೈದ್ಯರಿಗೆ ಫೋನು ಮಾಡಿದಳು. ರಕ್ತದ ಒತ್ತಡ ಎಷ್ಟು, ನಾಡಿ ಎಷ್ಟು ಎಂದು ಕೇಳಿದ್ದಕ್ಕೆ ತಡವರಿಸಿದಳು, ಬೈಸಿಕೊಂಡಳು. ಮುದುಕರನ್ನು ಕೆಳಗಿನ ತುರ್ತು ಘಟಕಕ್ಕೆ ಸಾಗಿಸಿದರು, ಪುಣ್ಯಕ್ಕೆ ಉಳಿದುಕೊಂಡರು. ಬೆಳಿಗ್ಗೆ ವಾರ್ಡಿನ ಮುಖ್ಯಸ್ಥೆ ಬಂದು, ಚಾರ್ಟು ಬರೆದಿಲ್ಲವೆಂದು ರೋಗಿಗಳ ಕಡೆಯವರೆಲ್ಲ ಕೇಳುವಂತೆ ಗದರಿದರು. ರಾತ್ರಿ ಊಟ ಮಾಡಿದೆಯಾ ಎಂದು ಯಾರೂ ಕೇಳಲಿಲ್ಲ. ಅಕ್ಕ ಆ ದಿನವೇ ಬಿಡಲಿಲ್ಲ. ಎಂಟು ತಿಂಗಳು ತಡೆದುಕೊಂಡಳು. ಕೊನೆಗೆ ಬಿಡುವಾಗ ಅಂಕಪಟ್ಟಿ ವಾಪಸು ಪಡೆಯಲು ಒಂದು ತಿಂಗಳ ಸಂಬಳವನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು. ಊರಿಗೆ ಬಂದು ಒಂದು ವರ್ಷ ಮನೆಯಲ್ಲಿ ಕಂಡಿಕೆ ಸುತ್ತಿದಳು. ಈಗ ಚಿತ್ರದುರ್ಗದಲ್ಲಿ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿ ಕೂತಿದ್ದಾಳೆ. "ಅಲ್ಲಿಗೇ ಮತ್ತೆ ಹೋಗು ಅಂತ ಹೇಳಿಯೆಲ್ಲ ನೋಡು" ಎಂದು ನನ್ನನ್ನು ಮೊದಲೇ ಹೆದರಿಸಿ ಇಟ್ಟಿದ್ದಾಳೆ. ಅವಳ ಓದಿಗಾಗಿ ಅವ್ವ ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ ತೀರಿದ್ದು ಹೋದ ದೀಪಾವಳಿಗೆ.

ಅಮೆರಿಕದ ಮಾರ್ಲೀನ್ ಕ್ರೇಮರ್ ಎಂಬ ದಾದಿ ೧೯೭೪ರಲ್ಲಿ ಇದೇ ವಿಷಯವಾಗಿ ಒಂದು ಗ್ರಂಥವನ್ನು ಬರೆದರು. ಹೊಸ ದಾದಿಯರು ವೃತ್ತಿಯನ್ನೇ ತೊರೆಯುವುದೇಕೆ ಎಂಬುದು ಅವರ ಪ್ರಶ್ನೆ. ಶಾಲೆಯಲ್ಲಿ ಕಲಿಸಿದ ಆದರ್ಶಕ್ಕೂ ವಾರ್ಡಿನಲ್ಲಿ ಕಂಡ ವಾಸ್ತವಕ್ಕೂ ನಡುವೆ ಇರುವ ಕಂದಕಕ್ಕೆ ಬಿದ್ದ ಹುಡುಗಿಗೆ ಆಗುವ ಪೆಟ್ಟನ್ನು ಅವರು ವಾಸ್ತವದ ಆಘಾತವೆಂದು ಕರೆದರು. ಅಮೆರಿಕದ ಆಸ್ಪತ್ರೆಗೂ ನಮ್ಮ ಆಸ್ಪತ್ರೆಗೂ ಅಜಗಜಾಂತರವಿದೆ. ಆದರೂ ಅಕ್ಕನ ಆ ರಾತ್ರಿಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ತೋಚುವುದಿಲ್ಲ.

ಇನ್ನು ನಿಂತವಳ ಕಥೆ. ನನ್ನ ಚಿಕ್ಕಮ್ಮನ ಮಗಳು ಅಕ್ಕನ ವಾರಿಗೆಯವಳೇ. ಓದು ಒಂದೇ, ತರಗತಿಯಲ್ಲಿ ಅಕ್ಕನಿಗಿಂತ ಸ್ವಲ್ಪ ಹಿಂದೆ ಎಂದೇ ಹೇಳಬೇಕು. ಚಳ್ಳಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಅಕ್ಕನಿಗೆ ಬೆಂಗಳೂರಿನಲ್ಲಿ ಬರುತ್ತಿದ್ದುದಕ್ಕಿಂತ ಕಡಿಮೆ ಸಂಬಳಕ್ಕೆ ಸೇರಿದಳು. ನಾಲ್ಕು ವರ್ಷವಾಯಿತು, ಅಲ್ಲೇ ಇದ್ದಾಳೆ. ಅವಳಿಗೆ ತಾಳ್ಮೆ ಹೆಚ್ಚೆಂದು ಹೇಳುವವರು ಅವಳ ಜೊತೆ ಒಂದು ದಿನ ಮನೆಯಲ್ಲಿ ಇದ್ದು ನೋಡಬೇಕು! ಅವಳು ನಿಂತದ್ದಕ್ಕೆ ಕಾರಣ ಅಲ್ಲಿದ್ದ ಒಬ್ಬ ಹಿರಿಯ ದಾದಿ. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಕೇರಳದಿಂದ ಬಂದು ಇಲ್ಲೇ ನೆಲೆನಿಂತವರು. ಅವರ ಕನ್ನಡವೆಲ್ಲ ಹೆರಿಗೆ ಕೋಣೆಯ ಕನ್ನಡ. "ಮುಕ್ಕು", "ಉಸಿರು ಬಿಡು", "ಆಯ್ತು ಆಯ್ತು ನನ್ನವ್ವ" ಎಂಬಲ್ಲಿಂದ ಶುರುವಾಗಿ ಅಲ್ಲಿಂದ ಹೊರಕ್ಕೆ ಬೆಳೆದದ್ದು.

ಆ ತಾಯಿ ಹೊಸ ಹುಡುಗಿಯನ್ನು ಮೊದಲ ಎರಡು ತಿಂಗಳು ರಾತ್ರಿ ಪಾಳಿಗೆ ಹಾಕಲಿಲ್ಲ. ಮೂರನೆಯ ತಿಂಗಳು ಹಾಕಿದಾಗ ತಾವೂ ಜೊತೆಗೆ ಉಳಿದರು. ಸೂಜಿ ಚುಚ್ಚಲು ನರ ಸಿಗದಿದ್ದರೆ ಎರಡು ಸಾರಿ ನೋಡು, ಮೂರನೆಯ ಸಾರಿಗೆ ನನ್ನನ್ನು ಕರೆ, ಅವಮಾನವೇನಿಲ್ಲ ಎಂದು ಹೇಳಿಕೊಟ್ಟರು. ವೈದ್ಯರಿಗೆ ಫೋನು ಮಾಡುವ ಮೊದಲು ನಾಡಿ, ಒತ್ತಡ, ಜ್ವರ, ಉಸಿರು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕೈಯಲ್ಲಿ ಹಿಡಿದುಕೋ ಎಂದರು. ಅಷ್ಟೇ! ಆ ಒಂದು ಚೀಟಿಯ ಉಪಾಯವನ್ನು ಹೇಳಿಕೊಡುವವರು ನನ್ನ ಅಕ್ಕನ ಪಕ್ಕದಲ್ಲಿ ಇದ್ದಿದ್ದರೆ ಈ ಹೊತ್ತು ಅವಳು ಎಲ್ಲಿರುತ್ತಿದ್ದಳೋ. ತಂಗಿಯ ಕೈಯಿಂದಲೂ ತಪ್ಪುಗಳಾದವು. ಆಗ ದೊಡ್ಡ ಸಿಸ್ಟರ್ ಬೈದದ್ದೂ ಉಂಟು, ಚೆನ್ನಾಗಿಯೇ ಬೈಯುತ್ತಾರಂತೆ. ಆದರೆ ಬಾಗಿಲು ಮುಚ್ಚಿ ಬೈಯುತ್ತಾರೆ. ಹೊರಗೆ ಬಂದು ರೋಗಿಯ ಕಡೆಯವರ ಮುಂದೆ "ನಮ್ಮ ಹುಡುಗಿ" ಎನ್ನುತ್ತಾರೆ.

ಹೀಗೆ ಒಬ್ಬರ ಒಳ್ಳೆಯತನದ ಮೇಲೆ ಇಡೀ ವ್ಯವಸ್ಥೆ ನಿಂತಿರುವುದು ಸರಿಯೇ ಎಂದು ಕೇಳಿದರೆ ಸರಿಯಲ್ಲ. ದೊಡ್ಡ ಸಿಸ್ಟರಿಗೆ ಹೊಸಬರನ್ನು ತಿದ್ದುವುದಕ್ಕಾಗಿ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ, ಒಬ್ಬ ರೋಗಿಯನ್ನೂ ಕಡಿಮೆ ಮಾಡುವುದಿಲ್ಲ. ತಮ್ಮ ಕೆಲಸವನ್ನು ಮಾಡಿಕೊಂಡು ಅದರ ಮೇಲೆ ಇದನ್ನೂ ಮಾಡುತ್ತಾರೆ. ಎಲ್ಲರೂ ಹಾಗಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಹಾಗಿರದ ಹಿರಿಯ ದಾದಿಯರನ್ನು ನಾನು ದೂಷಿಸಲಾರೆ. ಇಪ್ಪತ್ತೆಂಟು ರೋಗಿಗಳ ನಡುವೆ ಓಡಾಡುವವರಿಗೆ ಕಲಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂದು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರೆಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಲೆಕ್ಕ ಬಹಳ ಚೆನ್ನಾಗಿದೆ.

ಹಿರಿಯರ ನೆರಳು, ತಂಗಲು ಸ್ಥಳ ಇವೆರಡೂ ದಾದಿಗೆ ಬೇಕೆಂಬುದು ಈಗ ಕಂಡುಹಿಡಿದ ವಿಷಯವೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆಯನ್ನು ತೆರೆದಾಗ ಕಲಿಯುವ ಹುಡುಗಿಯರು ಮುಖ್ಯ ದಾದಿಯ ಮೇಲ್ವಿಚಾರಣೆಯಲ್ಲಿ ಅಲ್ಲಿಯ ವಸತಿಗೃಹದಲ್ಲಿಯೇ ಇರಬೇಕೆಂಬುದು ಆ ಯೋಜನೆಯ ಮುಖ್ಯ ಅಂಗವಾಗಿತ್ತು. ನಮ್ಮವರು ಪ್ರತಿ ವರ್ಷ ಮೇ ೧೨ರಂದು ಆಕೆಯ ಪಟಕ್ಕೆ ಹಾರ ಹಾಕಿ, ದೀಪ ಹಚ್ಚಿ, ಭಾಷಣ ಮಾಡುತ್ತಾರೆ. ದೀಪವನ್ನು ತೆಗೆದುಕೊಂಡೆವು, ವಸತಿಗೃಹವನ್ನು ಮರೆತೆವು. ೧೯೪೬ರಲ್ಲಿ ಭೋರ್ ಸಮಿತಿ ಈ ದೇಶದ ಆರೋಗ್ಯವನ್ನು ಪರಿಶೀಲಿಸಿದಾಗ ಸುಮಾರು ೪೩,೦೦೦ ಜನರಿಗೆ ಒಬ್ಬ ದಾದಿ ಇದ್ದಳು. ಈಗ ಶಾಲೆಗಳಿಗೆ ಕೊರತೆಯಿಲ್ಲ; ತಯಾರಾಗುವವರಿಗೂ ಕೊರತೆಯಿಲ್ಲ. ಉಳಿಸಿಕೊಳ್ಳುವುದರಲ್ಲಿ ಕೊರತೆ.

ಸಂಬಳದ ವಿಷಯಕ್ಕೆ ಬರೋಣ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಅದನ್ನು ಹಗುರವಾಗಿ ಕಂಡರೆ ನಮ್ಮ ಅಧ್ಯಾಪಕರು ಕ್ಷಮಿಸುವುದಿಲ್ಲ. ಖಾಸಗಿ ಆಸ್ಪತ್ರೆಗಳ ದಾದಿಯರ ಪರವಾಗಿ ಅಖಿಲ ಭಾರತ ಮಟ್ಟದ ದಾದಿಯರ ಸಂಘವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ೨೦೧೬ರ ಜನವರಿಯಲ್ಲಿ ನ್ಯಾಯಾಲಯವು ಈ ಪ್ರಶ್ನೆಯನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಆ ಸಮಿತಿಯ ಶಿಫಾರಸು ಹೀಗಿದೆ: ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ದಾದಿಗೆ ತಿಂಗಳಿಗೆ ೨೦,೦೦೦ ರೂಪಾಯಿಗೆ ಕಡಿಮೆಯಾಗಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ದಾದಿಯ ಸಮಾನ ವೇತನವನ್ನೇ ಕೊಡಬೇಕು, ನಡುವಿನವರಿಗೆ ಸ್ವಲ್ಪ ರಿಯಾಯಿತಿ. ಶಿಫಾರಸು ಶಿಫಾರಸಾಗಿಯೇ ಉಳಿದರೆ ಏನಾಗುತ್ತದೆಂಬುದನ್ನು ತಿಳಿಯಲು ನಮ್ಮ ಪೇಟೆಬೀದಿಯ ಯಾವ ಹೊಸ ದಾದಿಯನ್ನಾದರೂ ಕೇಳಬಹುದು; ಇಪ್ಪತ್ತು ಸಾವಿರವೆಂದರೆ ಅವಳು ನಗುತ್ತಾಳೆ. ಬೆಂಗಳೂರಿನಲ್ಲಿ ಸಿಗುವ ಸಂಬಳ ಇಲ್ಲಿಯದಕ್ಕಿಂತ ಹೆಚ್ಚೆಂದು ಕಾಣುತ್ತದೆ; ಹಾಸ್ಟೆಲಿನ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಬಸ್ಸಿನ ಖರ್ಚು ಕಳೆದು ನೋಡಿದರೆ ಉಳಿಯುವುದು ಎರಡೂ ಕಡೆ ಒಂದೇ.

ಆದರೂ ನನ್ನ ಅಕ್ಕನ ಮತ್ತು ತಂಗಿಯ ಉದಾಹರಣೆಯನ್ನು ಮತ್ತೆ ನೋಡಿ. ಕಡಿಮೆ ಸಂಬಳದವಳು ನಿಂತಳು, ಹೆಚ್ಚಿನವಳು ಬಿಟ್ಟಳು. ಹಾಗೆಂದು ಕಡಿಮೆ ಸಂಬಳ ಕೊಡುವುದಕ್ಕೆ ಇದನ್ನು ಯಾರೂ ಸಮರ್ಥನೆಯಾಗಿ ಹಿಡಿಯಬಾರದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಅದು ದುಡಿಸಿಕೊಳ್ಳುವವರಿಗೂ ಸಲ್ಲುತ್ತದೆ. ನಾನು ಹೇಳುವುದಿಷ್ಟೇ: ಹೆಚ್ಚು ಸಂಬಳದ ಆಸೆಯಿಂದ ಓಡುತ್ತಾರೆಂಬುದು ಪೂರ್ತಿ ನಿಜವಾಗಿದ್ದರೆ ತಂಗಿ ಎಂದೋ ಓಡಿರಬೇಕಿತ್ತು. ತಂಗಿಯೇ ಹೇಳುವಂತೆ, ದೊಡ್ಡ ಸಿಸ್ಟರ್ ನಿವೃತ್ತರಾದ ಮೇಲೆ ಸಂಬಳದ ಲೆಕ್ಕ ಹಾಕುತ್ತಾಳಂತೆ.

ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವ ಪದ್ಧತಿಯ ವಿಷಯವಾಗಿ ಒಂದು ಮಾತು. ಹುಡುಗಿಯರು ಓಡಿಹೋಗದಿರಲೆಂದು ಹೀಗೆ ಮಾಡುತ್ತೇವೆ ಎನ್ನುತ್ತಾರೆ. ಕಟ್ಟಿಹಾಕಿದ ದನಕ್ಕೂ ಹಗ್ಗ ಬಿಚ್ಚಿದರೆ ಮೊದಲು ಹೊಳೆಯುವುದು ಓಡುವ ಯೋಚನೆಯೇ. ಸ್ವಂತ ದುಡಿಮೆಯಿಂದ ಪಡೆದ ಕಾಗದವನ್ನು ಪರರ ಬೀರುವಿನಲ್ಲಿ ಬಿಟ್ಟವಳು ಆ ಆಸ್ಪತ್ರೆಯನ್ನು ತನ್ನದೆಂದು ಎಂದಿಗಾದರೂ ತಿಳಿದಾಳೇ?

ಸರ್ಕಾರಿ ಆಸ್ಪತ್ರೆಯ ಕಥೆ ಬೇರೆ. ಅಲ್ಲಿ ಕಾಯಂ ಹುದ್ದೆ ಸಿಕ್ಕವರು ಕೆಲಸ ಬಿಡುವುದಿಲ್ಲ, ಊರು ಬಿಡುತ್ತಾರೆ. ದಕ್ಷಿಣದ ಜಿಲ್ಲೆಯೊಂದರಿಂದ ಮೊಳಕಾಲ್ಮೂರಿಗೆ ನೇಮಕವಾಗಿ ಬಂದವರು ಕೆಲಸಕ್ಕೆ ಹಾಜರಾದ ದಿನದಿಂದಲೇ ವರ್ಗಾವಣೆಯ ಅರ್ಜಿಯನ್ನು ಯೋಚಿಸತೊಡಗುತ್ತಾರೆ. ಅವರನ್ನು ಆಕ್ಷೇಪಿಸುವಂತಿಲ್ಲ, ಗಂಡ ಒಂದು ಕಡೆ, ಮಗು ಒಂದು ಕಡೆ, ಬಾಡಿಗೆ ಮನೆ ಕೇಳಿದರೆ ಒಂಟಿ ಹೆಂಗಸಿಗೆ ಕೊಡುವುದಿಲ್ಲವೆನ್ನುವ ಮಾಲೀಕರು ಮತ್ತೊಂದು ಕಡೆ. ಗುತ್ತಿಗೆಯ ದಾದಿಯರ ಪಾಡು ಇನ್ನೂ ಕಷ್ಟ. ೨೦೦೫ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಗುತ್ತಿಗೆಯ ಮೇಲೆ ತೆಗೆದುಕೊಳ್ಳುವುದು ರೂಢಿಯಾಯಿತು. ಮಾಡುವುದು ಕಾಯಂ ದಾದಿಯ ಕೆಲಸವೇ. ಆದರೆ ಗುತ್ತಿಗೆಯ ಅವಧಿ ಮುಗಿಯುವ ಹೊತ್ತಿಗೆ ನವೀಕರಣದ ಆದೇಶ ಬಂತೇ ಎಂದು ಕಾಯಬೇಕು. ೨೦೨೩ರ ಆರಂಭದಲ್ಲಿ ರಾಜ್ಯದ ಈ ಗುತ್ತಿಗೆ ನೌಕರರು ಕಾಯಂಗೊಳಿಸಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದು ಎಲ್ಲರಿಗೂ ನೆನಪಿರಬಹುದು. ಅದಕ್ಕೂ ಮೂರು ವರ್ಷ ಹಿಂದೆ, ೨೦೨೦ರ ಮೇ ೩ರಂದು, ಕೊರೋನ ಕಾಲದಲ್ಲಿ, ಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಮಳೆ ಸುರಿಸಿದವು. ಹೂವು ಬಾಡಿತು. ಆ ಕಾಲಕ್ಕೆಂದು ತಾತ್ಕಾಲಿಕವಾಗಿ ತೆಗೆದುಕೊಂಡವರಲ್ಲಿ ಅನೇಕರು ಸೋಂಕು ಇಳಿದ ಮೇಲೆ ಮನೆಗೆ ಬಂದರು. ಈಚೆಗೆ ಸರ್ಕಾರಿ ದಾದಿಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದಿದೆ. ಹೆಸರು ಗಂಭೀರವಾಗಿದೆ, ನನಗೆ ಸಂತೋಷವೇ. ಆದರೆ ಜನ ಕರೆಯುವುದು "ಸಿಸ್ಟ್ರೇ" ಎಂದೇ.

ಮೊಳಕಾಲ್ಮೂರಿನ ಹುಡುಗಿಗೆ ಇನ್ನೊಂದು ಸಂಕಟವಿದೆ. ನೆರೆಯ ಬಳ್ಳಾರಿ, ವಿಜಯನಗರ ಜಿಲ್ಲೆಗಳು ಸಂವಿಧಾನದ ೩೭೧(ಜೆ) ವಿಧಿಯ ವ್ಯಾಪ್ತಿಗೆ ಸೇರಿವೆ. ೨೦೧೩ರಿಂದ ಅಲ್ಲಿಯವರಿಗೆ ಅಲ್ಲಿಯ ಹುದ್ದೆಗಳಲ್ಲಿ ಮೀಸಲಾತಿ ಉಂಟು. ಮಳೆ ಅದೇ, ಮಣ್ಣು ಅದೇ, ಬಡತನವೂ ಅದೇ. ಆದರೆ ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿರುವುದರಿಂದ ಆ ಬಾಗಿಲು ನಮಗಿಲ್ಲ. ಅಲ್ಲಿಯವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಇತ್ತ ಚಿತ್ರದುರ್ಗ ದೂರ, ಅತ್ತ ಬಳ್ಳಾರಿಯಲ್ಲಿ ಪಾಲಿಲ್ಲ. ಇದರ ನಡುವೆ ಇಲ್ಲಿಯ ಹುಡುಗಿ ಮೊದಲ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾಳೆ ಎಂಬುದನ್ನು ತಿಳಿಸಿದೆ, ಅಷ್ಟೆ.

ಬಸ್ಸಿನ ಮಾತು ಬಂತು. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ರಾತ್ರಿ ಎಂಟಕ್ಕೆ ಪಾಳಿ ಬದಲಾಗುತ್ತದೆ. ಎಂಟಕ್ಕೆ ಕೆಲಸ ಮುಗಿದ ಹುಡುಗಿ ತಳಕಿಗೋ ಪರಶುರಾಂಪುರಕ್ಕೋ ಹೋಗಬೇಕಾದರೆ ಏನು ಮಾಡಬೇಕು? ೨೦೨೩ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಬಹಳ ಒಳ್ಳೆಯದಾಯಿತು, ಆದರೆ ಹಣವಿಲ್ಲದ ಬಸ್ಸು ಬರಬೇಕಲ್ಲ! ನಮ್ಮ ಚಳ್ಳಕೆರೆಯ ಕುದಾಪುರದ ಕಾವಲಿನಲ್ಲಿ ಚಾಲಕನಿಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತಾರೆ. ಅದೇ ತಾಲ್ಲೂಕಿನಲ್ಲಿ ಚಾಲಕನಿರುವ ಬಸ್ಸನ್ನು ರಾತ್ರಿ ಎಂಟೂವರೆಗೆ ಹಳ್ಳಿಯ ಕಡೆಗೆ ಹೊರಡಿಸುವುದು ಅಷ್ಟೊಂದು ಕಷ್ಟವೇ? ತಂಗಿಗೆ ಮನೆ ಚಳ್ಳಕೆರೆ ಪೇಟೆಯಲ್ಲಿಯೇ ಇದೆ. ಚಿಕ್ಕಪ್ಪ ಸೈಕಲ್ಲಿನಲ್ಲಿ ಹೋಗಿ ಕರೆತರುತ್ತಾರೆ. ಅವಳು ನಿಂತದ್ದಕ್ಕೆ ದೊಡ್ಡ ಸಿಸ್ಟರ್ ಹೇಗೆ ಕಾರಣವೋ ಆ ಸೈಕಲ್ಲೂ ಹಾಗೆಯೇ ಕಾರಣ.

ಮದುವೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಹೆಣ್ಣು ನೋಡಲು ಬಂದವರು "ರಾತ್ರಿ ಪಾಳಿ ಇರುತ್ತದೆಯೇ?" ಎಂದು ಮುಖ ಸಿಂಡರಿಸುತ್ತಾರೆ, ಸರ್ಕಾರಿ ಕೆಲಸವೆಂದರೆ ಅದೇ ರಾತ್ರಿ ಪಾಳಿ ಅವರಿಗೆ ಹಗಲಿನಂತೆ ಕಾಣುತ್ತದೆ. ಗಂಡು ದಾದಿಯರೂ ಈಗ ಇದ್ದಾರೆ. ಅವರೂ ಬಿಟ್ಟುಹೋಗುತ್ತಾರೆ, ಮದುವೆಯಾಗಿ ಅಲ್ಲ.

ಹೋಗುವವರು ಹೋಗಲಿ, ಬೇರೆಯವರು ಬರುತ್ತಾರೆ, ಇದರಲ್ಲಿ ನಷ್ಟವೇನು ಎಂದು ಕೇಳಬಹುದು. ನಷ್ಟ ಆಸ್ಪತ್ರೆಯದಲ್ಲ, ಊರಿನದು. ಮೊಳಕಾಲ್ಮೂರು ಆಂಧ್ರದ ಗಡಿಯಲ್ಲಿದೆ. ರಾಯದುರ್ಗ ಕೂಗಳತೆಯಲ್ಲಿದೆ ಎನ್ನಬಹುದು. ಆಸ್ಪತ್ರೆಗೆ ಬರುವ ಮುದುಕಿ ಬೇನೆಯನ್ನು ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಾಳೆ. ಇಲ್ಲಿಯ ಹುಡುಗಿಗೆ ಅದು ಎರಡು ಭಾಷೆಯೆಂದು ತೋರುವುದೇ ಇಲ್ಲ. ಹಾಗೆಯೇ ಈ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಮಗುವನ್ನೂ ಹಟ್ಟಿಯ ಹೊರಗೆ ಇರಿಸುವ ಸಂಪ್ರದಾಯ ಪೂರ್ತಿ ಹೋಗಿಲ್ಲ. ಹೆರಿಗೆಯಾಗಿ ಮನೆಗೆ ಹೊರಟ ತಾಯಿಗೆ "ಮಗುವನ್ನು ಬೆಚ್ಚಗಿಡು" ಎಂದು ಹೊರಗಿನಿಂದ ಬಂದ ದಾದಿ ಹೇಳುತ್ತಾಳೆ; ಎಲ್ಲಿ ಬೆಚ್ಚಗಿಡಬೇಕೆಂಬುದು ಅವಳಿಗೆ ತಿಳಿಯದು. ಆ ಹಟ್ಟಿಯ ಪಕ್ಕದ ಊರಿನ ದಾದಿ ಅತ್ತೆಯನ್ನು ಬದಿಗೆ ಕರೆದು, ಗೌರವಕ್ಕೆ ಕುಂದು ಬಾರದಂತೆ, "ಯಜಮಾನಮ್ಮ, ಈ ಸಾರಿ ಮಗು ತೂಕ ಕಡಿಮೆ ಇದೆ, ಒಳಗೆ ಒಂದು ಮೂಲೆ ಕೊಡಿ" ಎಂದು ಹೇಳಿ ಒಪ್ಪಿಸಬಲ್ಲಳು. ತಂಗಿ ಹೀಗೆ ಒಪ್ಪಿಸಿದ್ದನ್ನು ನಾನು ಬಲ್ಲೆ. ಎಂಟು ತಿಂಗಳಿಗೊಮ್ಮೆ ಹುಡುಗಿಯರು ಬದಲಾಗುವ ಆಸ್ಪತ್ರೆಯಲ್ಲಿ ಯಾವ ಯಜಮಾನಮ್ಮ ಯಾರ ಮಾತನ್ನು ಕೇಳಬೇಕು?

ಇನ್ನು ಕೊಲ್ಲಿಯ ದೇಶಗಳಿಗೋ ಇಂಗ್ಲೆಂಡಿಗೋ ಜರ್ಮನಿಗೋ ಹೋಗುವವರು. ಅವರ ವಿಷಯದಲ್ಲಿ ನನಗೆ ತಕರಾರಿಲ್ಲ. ಕೇರಳದ ದಾದಿಯರು ಲೋಕವನ್ನೇ ಸುತ್ತಿದರು, ಅವರ ಮನೆಗಳು ಎದ್ದು ನಿಂತವು. ಅವರಲ್ಲಿ ಒಬ್ಬರು ಚಳ್ಳಕೆರೆಗೂ ಬಂದದ್ದು ನಮ್ಮ ಭಾಗ್ಯ. ಕೆಲಸ ಕಲಿತು, ಧೈರ್ಯ ಬಂದು, ಇನ್ನೂ ದೊಡ್ಡದಕ್ಕೆ ಹೋಗುವುದು ಒಂದು. ಪೆಟ್ಟು ತಿಂದು, ಕಲಿತದ್ದನ್ನೇ ಬೇಡವೆಂದು ಕಂಡಿಕೆ ಸುತ್ತಲು ಕೂರುವುದು ಇನ್ನೊಂದು. ಎರಡನ್ನೂ "ಬಿಟ್ಟುಹೋದರು" ಎಂಬ ಒಂದೇ ಕಾಲಮಿನಲ್ಲಿ ಬರೆಯುವುದರಿಂದ ಗೊಂದಲವಾಗಿದೆ.

ಆಗಬೇಕಾದದ್ದು ಬಹಳ ದೊಡ್ಡ ಕೆಲಸವೇನೂ ಅಲ್ಲ. ಹೊಸ ದಾದಿಯನ್ನು ಮೊದಲ ಆರು ತಿಂಗಳು ಒಂಟಿಯಾಗಿ ರಾತ್ರಿ ಪಾಳಿಗೆ ಹಾಕಬಾರದು. ಅವಳನ್ನು ಒಬ್ಬ ಹಿರಿಯ ದಾದಿಗೆ ಹೆಸರು ಹೇಳಿ ಒಪ್ಪಿಸಬೇಕು. ಆ ಹಿರಿಯರಿಗೆ ಅಷ್ಟು ರೋಗಿಗಳನ್ನು ಕಡಿಮೆ ಮಾಡಿ ಸ್ವಲ್ಪ ಭತ್ಯವನ್ನೂ ಕೊಡಬೇಕು. ಅಂಕಪಟ್ಟಿಯ ನಕಲು ಸಾಕು, ಮೂಲ ಬೇಡ. ರಾತ್ರಿ ಕುಡಿದು ಬಂದು ಗಲ್ಲಾ ತಟ್ಟುವ, ಕೈ ಎತ್ತುವ ರೋಗಿಯ ಕಡೆಯವರ ವಿರುದ್ಧ ೨೦೦೯ರಿಂದಲೇ ನಮ್ಮ ರಾಜ್ಯದಲ್ಲಿ ಕಾನೂನಿದೆ; ಅದನ್ನು ಬಾಗಿಲ ಬಳಿ ದೊಡ್ಡಕ್ಷರದಲ್ಲಿ ಬರೆಸಿ, ಒಬ್ಬ ಕಾವಲುಗಾರನನ್ನು ಅದರ ಕೆಳಗೆ ಕೂರಿಸಬೇಕು. ಬೋರ್ಡು ಮಾತ್ರ ಸಾಲದು. ಖಾಸಗಿಯವರು ಇದಕ್ಕೆಲ್ಲ ಖರ್ಚಾಗುತ್ತದೆನ್ನುತ್ತಾರೆ. ವರ್ಷಕ್ಕೆರಡು ಬಾರಿ ಹೊಸಬರನ್ನು ಹುಡುಕಿ, ಅವರ ಕೈ ಪಳಗುವ ಹೊತ್ತಿಗೆ ಕಳೆದುಕೊಳ್ಳುವುದಕ್ಕೆ ಎಷ್ಟು ಖರ್ಚಾಗುತ್ತದೆಂಬುದನ್ನು ಅವರು ಒಂದು ಸಾರಿ ಲೆಕ್ಕಹಾಕಿ ನೋಡಿದರೆ ನನ್ನ ಜೊತೆ ವಾದಕ್ಕೆ ಬರಲಾರರು.

ತಾಲ್ಲೂಕು ಆಸ್ಪತ್ರೆಗಳ ಮಟ್ಟಿಗೆ ಒಂದು ದಾರಿ ಈಗಲೇ ತೆರೆದಿದೆ. ಅಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದು ಇರುತ್ತದೆ. ಸ್ಥಳೀಯ ಜನಪ್ರತಿನಿಧಿಗಳೂ ಅದರಲ್ಲಿ ಇರುತ್ತಾರೆ. ಸಣ್ಣಪುಟ್ಟ ಖರ್ಚಿಗೆ ಅದರ ಕೈಯಲ್ಲಿ ಹಣವೂ ಇರುತ್ತದೆ. ಚಳ್ಳಕೆರೆಯಲ್ಲಿ ಒಂದು, ಮೊಳಕಾಲ್ಮೂರಿನಲ್ಲಿ ಒಂದು, ಆಸ್ಪತ್ರೆಯ ಆವರಣದೊಳಗೇ ಒಂದೊಂದು ಕೋಣೆಗೆ ಸುಣ್ಣ ಬಳಿಸಿ, ನಾಲ್ಕು ಮಂಚ, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳುವ ಚಿಲಕ, ನೀರು ಬರುವ ಬಚ್ಚಲುಮನೆ, ಇಷ್ಟನ್ನು ಮಾಡಿಸಿ, ಎಂಟಕ್ಕೆ ಪಾಳಿ ಮುಗಿದು ಬಸ್ಸಿಲ್ಲದ ಹುಡುಗಿಯರಿಗೆ ಬಿಟ್ಟುಕೊಡಬೇಕೆಂದು ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಆ ಸಮಿತಿಗಳಿಗೆ ಒಂದು ಮನವಿಯನ್ನು ಸಲ್ಲಿಸಬಹುದು. ಕರಡನ್ನು ನಾನು ಬರೆದಿದ್ದೇನೆ. ಬಾಗಿಲಿಗೆ ಎಂಥ ಚಿಲಕ ಹಾಕಿಸಬೇಕೆಂಬುದನ್ನು ಮಾತ್ರ ಅಕ್ಕನನ್ನು ಕೇಳಿ ಸೇರಿಸಿದೆ.